ಕಾರು ತಯಾರಿಸಹೊರಟ ಸಿರಿವಂತ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಉದ್ಘಾಟನೆಗೊಂಡ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಮಾತು ಬಂದಾಗಲೆಲ್ಲ ನನಗೆ ವಾಲ್‌ಚಂದ್ ಹೀರಾಚಂದ್ ನೆನಪಾಗುತ್ತಾರೆ. ಅರಸರೂ ಧನಿಕರೂ ವಿದೇಶಿ ಕಾರುಗಳನ್ನು ಸಂಗ್ರಹಿಸಿ ಮೆರೆಯುತ್ತಿದ್ದ ಕಾಲವದು. 1882ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಈ ಉದ್ಯಮಿ ಅವನ್ನು ಇಲ್ಲಿಯೇ ತಯಾರಿಸುವ ಹಟ ತೊಟ್ಟರು. ವಿಶ್ವೇಶ್ವರಯ್ಯನವರ ಮೋಟಾರು ಕಾರ್ಖಾನೆಯ ಯೋಜನೆಗೆ ಜೊತೆಯಾದರು. ಬ್ರಿಟಿಷ್ ಸರ್ಕಾರ ಒಲಿಯಲಿಲ್ಲ. ಎದೆಗುಂದದೆ 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನೊಡನೆ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನೇ ಸ್ಥಾಪಿಸಿದರು. ಅದೇ ಇಂದಿನ ಎಚ್‌ಎಎಲ್‌ನ ಮೂಲ. ಯುದ್ಧದ ನಡುವೆ, 1942ರಲ್ಲಿ, ಅದು ಅವರ ಕೈತಪ್ಪಿ ಸರ್ಕಾರದ ವಶವಾಯಿತು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆರಂಭಿಸಿ ಕಾರಿನ ಹಂಬಲವನ್ನೂ ಈಡೇರಿಸಿಕೊಂಡರು. 1953ರಲ್ಲಿ ನಿಧನರಾದರು. ಅರಸರ ಕಾರುಗಳನ್ನು ಇಂದಿಗೂ ಬೆರಗಿನಿಂದ ನೋಡುವ ನಾವು, ಗುಬ್ಬಿಯವರೆಗೂ ಕೊಂಬೆ ಚಾಚಿದ ಈ ಮರವನ್ನು ನೆಟ್ಟವರನ್ನು ನೆನೆಯುವುದು ಅಪರೂಪ.