ಶಿಶುನಾಳದ ಪದ, ಹಬ್ಬದ ಓದು

ಮಕ್ಕಳೇ, ನಿಮ್ಮ ತರಗತಿಯ ಯಹೂದಿ ಗೆಳೆಯರು ತಮ್ಮ ಪ್ರಾರ್ಥನಾಮಂದಿರದ ಪಾಠಶಾಲೆಗೆ ಹೋಗಿ, ಬಲದಿಂದ ಎಡಕ್ಕೆ ಸಾಗುವ ಹೀಬ್ರೂ ಲಿಪಿಯ 22 ಅಕ್ಷರಗಳನ್ನೂ, ಅವುಗಳಿಗೆ ಚುಕ್ಕಿ ಗೆರೆಗಳಾಗಿ ಅಂಟಿಕೊಂಡ ಸ್ವರಚಿಹ್ನೆಗಳನ್ನೂ ಕಲಿಯುವುದನ್ನು ನೀವು ಬಲ್ಲಿರಿ. ಈಜಿಪ್ಟಿನ ದಾಸ್ಯದಿಂದ ಪೂರ್ವಿಕರು ಬಿಡುಗಡೆ ಹೊಂದಿದುದನ್ನು ಸ್ಮರಿಸುವ ಪೆಸಾಹ್ ಹಬ್ಬದ ರಾತ್ರಿ, ಮನೆಮಂದಿಯೆಲ್ಲ ಊಟಕ್ಕೆ ಕುಳಿತಿರಲು, ಅವರಲ್ಲಿ ಎಲ್ಲರಿಗಿಂತ ಕಿರಿಯ ಮಗುವು ಆ ರಾತ್ರಿಯ ವಿಶೇಷವನ್ನು ಕುರಿತ ನಾಲ್ಕು ಪ್ರಶ್ನೆಗಳನ್ನು ಹೀಬ್ರೂವಿನಲ್ಲಿ ರಾಗವಾಗಿ ಕೇಳುತ್ತದೆ. ಮಗು ಕೇಳಿದ ಮೇಲೆಯೇ ಹಿರಿಯರ ಕಥನಕ್ಕೆ ಆರಂಭ.

ಹಬ್ಬಕ್ಕಾಗಿ ಕಲಿಯುವ ಇಂಥ ಪಾಠವು ನಮ್ಮ ಹಾವೇರಿ ಸೀಮೆಯಲ್ಲಿಯೂ ಉಂಟು. ಆ ಸೀಮೆಯ ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಇಮಾಮ ಸಾಹೇಬರ ಮಗನಾಗಿ ಪದಕಾರ ಷರೀಫರು ಜನಿಸಿದರು. ಸಿ. ಅಶ್ವತ್ಥರ ಕಂಠದಲ್ಲಿ ಅವರ ಪದಗಳನ್ನು ನೀವು ಕೇಳಿಯೇ ಇದ್ದೀರಿ.

ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದ, ಕೂಲಿಮಠಗಳೆಂಬ ಊರ ಶಾಲೆಗಳ ಕಾಲವದು. ಮುಲ್ಕಿ ಎಂಬ ಅಂದಿನ ಶಾಲಾ ಪರೀಕ್ಷೆಯನ್ನು ಮುಗಿಸಿ ಕೆಲಕಾಲ ಶಿಕ್ಷಕರಾಗಿಯೂ ಇದ್ದ ಷರೀಫರಿಗೆ ನಿಜವಾದ ಗುರುವು ದೊರೆತದ್ದು ಕಳಸದ ಗೋವಿಂದಭಟ್ಟರಲ್ಲಿ. ನಿನ್ನ ತಂದೆ ಯಾರೆಂದು ಭಟ್ಟರು ಪ್ರಶ್ನಿಸಲು, ನಿಮ್ಮ ತಂದೆಯೇ ನನಗೂ ತಂದೆಯೆಂದು ಹುಡುಗನು ಉತ್ತರಿಸಿದನೆಂದೂ, ಆ ಉತ್ತರವೊಂದಕ್ಕೇ ಒಲಿದು ಅವರು ಅವನನ್ನು ಶಿಷ್ಯನನ್ನಾಗಿ ಕೈಹಿಡಿದರೆಂದೂ ಜನರು ಇಂದಿಗೂ ಹೇಳುತ್ತಾರೆ. ಊರವರ ಆಕ್ಷೇಪವನ್ನು ಲೆಕ್ಕಿಸದೆ ಶಿಷ್ಯನ ಕೊರಳಿಗೆ ಜನಿವಾರವನ್ನು ಹಾಕಿದ ಆ ಗುರುವಿನ ಧೈರ್ಯವು ಸಾಮಾನ್ಯವಾದುದಲ್ಲ.

ಆ ಷರೀಫರು ಮೊಹರಮ್ ಹಬ್ಬಕ್ಕಾಗಿ ಕನ್ನಡದಲ್ಲಿ ಅಲಾವಿ ಪದಗಳನ್ನು ರಚಿಸಿದರು. 680ರಲ್ಲಿ ಕರ್ಬಲಾದ ಬಯಲಿನಲ್ಲಿ, ನದಿಯ ನೀರು ಸಮೀಪದಲ್ಲಿದ್ದೂ ದಕ್ಕದೆ ಬಾಯಾರಿ, ಇಸ್ಲಾಮಿನ ಪ್ರವಾದಿಯವರ ಮೊಮ್ಮಗ ಹುಸೇನರು ಪರಿವಾರಸಮೇತ ಪ್ರಾಣತೆತ್ತ ದುಃಖವನ್ನು ನಮ್ಮ ಕಡೆಯ ಹಳ್ಳಿಗರು ರಿವಾಯತುಗಳೆಂಬ ಪದಗಳಾಗಿ ಹಾಡುತ್ತಾರೆ. ಹಬ್ಬ ಸಮೀಪಿಸಿತೆಂದರೆ ಸಂಜೆಯ ಹೊತ್ತು ಹಿರಿಯನೊಬ್ಬನು ಕೈಬರಹದ ಹಾಡಿನ ಪುಸ್ತಕವನ್ನು ದೀಪದೆದುರು ಬಿಡಿಸಿ ಒಂದು ನುಡಿಯನ್ನೆತ್ತಿಕೊಡುತ್ತಾನೆ; ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಕರವಸ್ತ್ರ ಹಿಡಿದ ಹುಡುಗರು ಅದನ್ನು ಮರುನುಡಿಯುತ್ತ, ಅಲಾಯಿ ಕುಣಿ ಎಂಬ ಬೆಂಕಿಯ ಗುಂಡಿಯ ಸುತ್ತ ಹೆಜ್ಜೆ ಹಾಕುವುದನ್ನು ಕಲಿಯುತ್ತಾರೆ. ಒಂದು ಹೆಜ್ಜೆ ತಪ್ಪಿದರೂ ಹಲಗೆ ವಾದ್ಯದ ಪೆಟ್ಟು ನಿಂತುಬಿಡುತ್ತದೆ, ಮತ್ತೆ ಮೊದಲಿನಿಂದ ಆರಂಭ. ಮನೆಗಳಲ್ಲಿ ಚೊಂಗೆಯೆಂಬ ಬೆಲ್ಲದ ತಿನಿಸು ಬೇಯುತ್ತಿರುತ್ತದೆ. ಹರಕೆ ಹೊತ್ತ ಹಿಂದೂ ಮನೆಯ ಮಕ್ಕಳೂ ಫಕೀರರಾಗಿ ಕೊರಳಿಗೆ ಕೆಂಪು ಲಾಡಿ ಧರಿಸುತ್ತಾರೆ. ಮುಸಲ್ಮಾನರ ಮನೆಯೊಂದೂ ಇಲ್ಲದ ಊರುಗಳಲ್ಲಿಯೂ ಉತ್ತರ ಕರ್ನಾಟಕದವರು ಅಲಾಯಿ ದೇವರನ್ನು ಕೂರಿಸುವುದುಂಟು. ಅನ್ಯರ ಶೋಕವನ್ನು ತನ್ನದೆಂದು ಹಾಡಬಲ್ಲ ಊರಿಗಿಂತ ದೊಡ್ಡ ಪಾಠಶಾಲೆಯನ್ನು ನಾನು ಕಾಣೆ.

ಈ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಅಭ್ಯಾಸವು ನಮ್ಮ ಕನ್ನಡ ಕೂಟಗಳಲ್ಲಿ ಬೆಳೆಯುತ್ತಿದೆ. ಪಾಲಕರ ಅವಸರವು ನನಗೆ ಅರ್ಥವಾಗದೆ ಇಲ್ಲ. ಆದರೆ ಇಂಗ್ಲಿಷಿನ ಒಂದೇ ಎಲ್ ಅಕ್ಷರದಲ್ಲಿ ಶಿಶುನಾಳದ ಳಕಾರವೂ ಅಲಾವಿಯ ಲಕಾರವೂ ಬೆರೆತುಹೋಗುತ್ತವೆ. ಹೀಬ್ರೂವಿನ ಚುಕ್ಕಿಗಳನ್ನು ನಿಮ್ಮ ಯಹೂದಿ ಗೆಳೆಯರು ಕಲಿಯಬಲ್ಲರಾದರೆ, ನಮ್ಮ ಕಾಗುಣಿತವು ನಿಮಗೆ ಅಸಾಧ್ಯವೇ?

ಆದುದರಿಂದ ರಾಜ್ಯೋತ್ಸವದ ಸಭೆಗೆ ಬರುವಾಗ ಷರೀಫರ ಒಂದು ಪದವನ್ನು ಕನ್ನಡ ಲಿಪಿಯಲ್ಲಿಯೇ ನಿಮ್ಮ ಕೈಯಿಂದ ಬರೆದುಕೊಂಡು ಬನ್ನಿರಿ. ತಿಳಿಯದ ಮಾತುಗಳಿಗೆ ಅಡಿಗೆರೆ ಎಳೆಯಿರಿ. ನಿಮ್ಮಲ್ಲಿ ಎಲ್ಲರಿಗಿಂತ ಕಿರಿಯರು ಮೊದಲು ಪ್ರಶ್ನೆ ಕೇಳಲಿ. ಅಜ್ಜ ಅಜ್ಜಿಯರು ಉತ್ತರ ಹೇಳಲು ಮುಂದಿನ ಸಾಲಿನಲ್ಲಿಯೇ ಕುಳಿತಿರುತ್ತಾರೆ.