ಮಹಾಮಹೋಪಾಧ್ಯಾಯ ಆರ್. ಶಾಮಶಾಸ್ತ್ರಿಗಳು (1868–1944)

ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ರುದ್ರಪಟ್ಟಣ ಶಾಮಶಾಸ್ತ್ರಿಗಳು 1868ರಲ್ಲಿ ಕಾವೇರಿ ತೀರದ ರುದ್ರಪಟ್ಟಣದಲ್ಲಿ (ಈಗಿನ ಹಾಸನ ಜಿಲ್ಲೆ) ಜನಿಸಿದರು. ವೇದ ಮತ್ತು ಸಂಸ್ಕೃತದಲ್ಲಿ ಪಾಂಡಿತ್ಯ ಪಡೆದರೂ ಅಷ್ಟಕ್ಕೇ ತೃಪ್ತರಾಗದೆ ಮದ್ರಾಸ್ ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನೂ ಗಳಿಸಿದರು, ಜರ್ಮನ್, ಫ್ರೆಂಚ್ ಭಾಷೆಗಳನ್ನೂ ಬಲ್ಲವರಾಗಿದ್ದರು. ಇವರ ಯೋಗ್ಯತೆಯನ್ನು ಗುರುತಿಸಿದ ದಿವಾನ್ ಶೇಷಾದ್ರಿ ಅಯ್ಯರ್ ಅವರ ಪ್ರೋತ್ಸಾಹದಿಂದ, 1891ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಸರ್ಕಾರಿ ಪ್ರಾಚ್ಯ ಗ್ರಂಥಾಲಯದ ಸೇವೆಗೆ ಸೇರಿದರು.

ಗ್ರಂಥಾಲಯದಲ್ಲಿ ಸಂಗ್ರಹವಾದ ತಾಳೆಗರಿ ಕಟ್ಟುಗಳನ್ನು ಬಿಚ್ಚಿ, ಓದಿ, ಅವುಗಳ ವಿಷಯವನ್ನು ಪಟ್ಟಿಯಲ್ಲಿ ನಮೂದಿಸುವುದು ಇವರ ನಿತ್ಯದ ಕರ್ತವ್ಯವಾಗಿತ್ತು. ಹೊರಗಿನವರಿಗೆ ನೀರಸವೆನಿಸುವ ಕೆಲಸವಿದು. ಕಟ್ಟಿಗೆ ಸಂಖ್ಯೆ ಕೊಟ್ಟು ಕಪಾಟಿನಲ್ಲಿ ಇರಿಸಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಾಲಯಕ್ಕೆ ಒಪ್ಪಿಸಿದ್ದ, ಗ್ರಂಥ ಲಿಪಿಯಲ್ಲಿದ್ದ ಒಂದು ಕಟ್ಟನ್ನು ಶಾಸ್ತ್ರಿಗಳು 1905ರಲ್ಲಿ ಪರಿಶೀಲಿಸಿದಾಗ ಅದು ಅರ್ಥಶಾಸ್ತ್ರವೆಂದು ತಿಳಿದುಬಂದಿತು. ದಂಡಿ, ಬಾಣ ಮೊದಲಾದವರ ಉಲ್ಲೇಖಗಳಿಂದ ಈ ಕೃತಿಯ ಹೆಸರು ವಿದ್ವಾಂಸರಿಗೆ ಪರಿಚಿತವಾಗಿತ್ತಾದರೂ ಪೂರ್ಣ ಪಾಠವನ್ನು ಕಂಡವರಿರಲಿಲ್ಲ. ಶಾಸ್ತ್ರಿಗಳು ಮೂಲವನ್ನು ಪ್ರತಿ ಮಾಡಿ, ಸಂಪಾದಿಸಿ 1909ರಲ್ಲಿ ಪ್ರಕಟಿಸಿದರು. ಇಂಗ್ಲಿಷ್ ಅನುವಾದವು ಮೊದಲು ಬಿಡಿ ಭಾಗಗಳಾಗಿ ಪತ್ರಿಕೆಗಳಲ್ಲಿ ಬಂದು, 1915ರಲ್ಲಿ ಗ್ರಂಥರೂಪದಲ್ಲಿ ಹೊರಬಂದಿತು. ಪ್ರತಿಯನ್ನು ತಂದೊಪ್ಪಿಸಿದ ಪಂಡಿತರನ್ನು ಅವರು ಮರೆಯದೆ ಸ್ಮರಿಸಿದ್ದಾರೆ. ಆದರೆ ಆ ಪಂಡಿತರ ಹೆಸರು ಮಾತ್ರ ಎಲ್ಲಿಯೂ ದಾಖಲಾಗಿಲ್ಲದಿರುವುದು ಖೇದಕರ.

15 ಅಧಿಕರಣ, 150 ಅಧ್ಯಾಯಗಳ ಈ ಕೃತಿಯು ಯುದ್ಧ, ರಾಜನೀತಿಗಳಿಗಷ್ಟೇ ಸೀಮಿತವಲ್ಲ. ತೂಕ-ಅಳತೆ, ಸುಂಕ, ನೇಯ್ಗೆ, ಕೃಷಿಗಳ ಅಧ್ಯಕ್ಷರು ಯಾರು, ಅವರ ಹೊಣೆ ಏನು ಎಂಬ ವಿವರ ಇದರಲ್ಲಿದೆ. ಲೆಕ್ಕಪತ್ರದ ಕಚೇರಿಗೆ ಅಕ್ಷಪಟಲವೆಂದು ಹೆಸರು. ವಾರ್ಷಿಕ ಲೆಕ್ಕವನ್ನು ಆಷಾಢದಲ್ಲಿ ಒಪ್ಪಿಸಬೇಕಿತ್ತು. ಸರ್ಕಾರಿ ಹಣವನ್ನು ಅಪಹರಿಸುವ ನಲವತ್ತು ಬಗೆಗಳನ್ನೂ ಕೌಟಿಲ್ಯನು ಹೇಳಿದ್ದಾನೆ! ಲೆಕ್ಕಶಾಸ್ತ್ರ ಓದಿದವರು ಆ ಅಧ್ಯಾಯವನ್ನು ತಪ್ಪದೆ ಓದಬೇಕು.

ಒಂದೇ ಪ್ರತಿಯನ್ನು ಆಧರಿಸಿದ ಪಾಠದಲ್ಲಿ ಸಂದೇಹಗಳು ಉಳಿಯುವುದು ಸಹಜ. ಮುಂದೆ ಬೇರೆಡೆ ಹಸ್ತಪ್ರತಿಗಳೂ ಪ್ರಾಚೀನ ವ್ಯಾಖ್ಯಾನಗಳೂ ದೊರೆತವು. ತಿರುವನಂತಪುರದ ಗಣಪತಿ ಶಾಸ್ತ್ರಿಗಳು, ಜರ್ಮನಿಯ ಯೋಲಿ ಮುಂತಾದವರು ತಮ್ಮದೇ ಸಂಪಾದನೆಗಳನ್ನು ಹೊರತಂದರು. ಆ ವೇಳೆಗೆ ಶಾಮಶಾಸ್ತ್ರಿಗಳು ಜಗತ್ಪ್ರಸಿದ್ಧರು, ಐವತ್ತು ದಾಟಿದವರು. ಆದರೂ ತಮ್ಮ ಮಾತೇ ಅಂತಿಮವೆಂದು ಕುಳಿತುಕೊಳ್ಳದೆ ಪುನಃ ವಿದ್ಯಾರ್ಥಿಯಂತೆ ಮೂಲದ ಮುಂದೆ ಕುಳಿತು, ಅನುವಾದವನ್ನು ಪರಿಷ್ಕರಿಸಿದರು. ಅದರ ಮೂರನೆಯ ಆವೃತ್ತಿ 1929ರಲ್ಲಿ ಬಂದಿತು. ಕೃತಿಯ ಪದಗಳೆಲ್ಲವನ್ನೂ ಒಳಗೊಂಡ ಸೂಚಿಯನ್ನೂ ಸಿದ್ಧಪಡಿಸಿದರು. ಇದರಿಂದ ಇತರರು ಅವರ ಅರ್ಥನಿರ್ಣಯವನ್ನು ಸುಲಭವಾಗಿ ಪರೀಕ್ಷಿಸಲು ಸಾಧ್ಯವಾಯಿತು.

ಶಾಸ್ತ್ರಿಗಳು ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರಾಗಿಯೂ ಸೇವೆ ಸಲ್ಲಿಸಿದರು. ಮಹಾಮಹೋಪಾಧ್ಯಾಯ ಬಿರುದು, ಗೌರವ ಡಾಕ್ಟರೇಟ್ ಮೊದಲಾದ ಮನ್ನಣೆಗಳು ಸಂದವು. 1944ರಲ್ಲಿ ನಿಧನರಾದರು. ತಂಜಾವೂರಿನಿಂದ ಬಂದ ತಾಳೆಗರಿ ಪ್ರತಿಯನ್ನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಸಂರಕ್ಷಿಸಲಾಗಿದೆ.