ಒಂದೇ ಪಕ್ಷದ ರಾಜ್ಯದಲ್ಲಿ ಹಾಲಿ ಗವರ್ನರ್ ಸೋತಿದ್ದು ಹೇಗೆ? ಯುಜೀನ್ ಟಾಲ್ಮಡ್ಜ್ ಕಥೆ

ಯಾವಾಗಲೂ ಒಂದೇ ಪಕ್ಷ ಗೆಲ್ಲುವ ರಾಜ್ಯದಲ್ಲಿ ಅದೇ ಪಕ್ಷದ ಹಾಲಿ ಗವರ್ನರ್‌ನನ್ನು ಸೋಲಿಸೋಕೆ ಆಗುತ್ತಾ? ಅಮೆರಿಕದ ರಾಜಕೀಯದಲ್ಲಿ ಮತ್ತೆ ಮತ್ತೆ ಏಳುವ ಈ ಪ್ರಶ್ನೆಗೆ ಜಾರ್ಜಿಯಾ ರಾಜ್ಯ 1942ರಲ್ಲೇ ಒಂದು ಉತ್ತರ ಕೊಟ್ಟಿತ್ತು. ಸೋತವನು ಯುಜೀನ್ ಟಾಲ್ಮಡ್ಜ್. ಅಲ್ಲಿ ಗವರ್ನರ್ ಅಂದ್ರೆ ನಮ್ಮ ರಾಜ್ಯಪಾಲರಂತೆ ಅಲ್ಲ. ಜನ ನೇರವಾಗಿ ಆರಿಸುವ, ಹೆಚ್ಚುಕಮ್ಮಿ ನಮ್ಮ ಮುಖ್ಯಮಂತ್ರಿಯಂಥ ಹುದ್ದೆ ಅದು.

ಟಾಲ್ಮಡ್ಜ್ ಹುಟ್ಟಿದ್ದು 1884ರಲ್ಲಿ, ಜಾರ್ಜಿಯಾದ ಫೋರ್ಸಿತ್‌ನಲ್ಲಿ. ರಾಜ್ಯದ ವಿಶ್ವವಿದ್ಯಾಲಯದಲ್ಲೇ ಕಾನೂನು ಓದಿದ ವಕೀಲ. ಆದ್ರೆ ವೇದಿಕೆ ಹತ್ತಿದರೆ ಪಕ್ಕಾ ಮಣ್ಣಿನ ಮಗ. ಕೋಟು ಕಳಚಿ ಹೆಗಲ ಮೇಲಿನ ಕೆಂಪು ಪಟ್ಟಿ ತೋರಿಸುತ್ತಾ ಭಾಷಣ ಶುರು ಮಾಡಿದರೆ ರೈತರು ಗಂಟೆಗಟ್ಟಲೆ ಕೇಳುತ್ತಿದ್ದರು. 1926ರಲ್ಲಿ ಕೃಷಿ ಕಮಿಷನರ್ ಆಗಿ ಆಯ್ಕೆಯಾದ. ರಾಜ್ಯದ ದುಡ್ಡಲ್ಲಿ ಹಂದಿ ಖರೀದಿಸಿ ಶಿಕಾಗೋ ಮಾರುಕಟ್ಟೆಗೆ ಕಳಿಸಿ ನಷ್ಟ ಮಾಡಿದ. ತನಿಖೆಯ ಮಾತು ಬಂದಾಗ, ಮಾಡಿದ್ದೆಲ್ಲ ರೈತರಿಗಾಗಿ ಅಂದುಬಿಟ್ಟ. ಜನ ಶಿಕ್ಷಿಸಲಿಲ್ಲ. 1932ರಲ್ಲಿ ಗವರ್ನರ್ ಮಾಡಿದರು, 1934ರಲ್ಲಿ ಮತ್ತೆ ಗೆಲ್ಲಿಸಿದರು.

ಈ ಗೆಲುವಿನ ಹಿಂದೆ ಜನಪ್ರಿಯತೆ ಮಾತ್ರ ಇರಲಿಲ್ಲ. ಜಾರ್ಜಿಯಾದಲ್ಲಿ ಡೆಮಾಕ್ರಟಿಕ್ ಪಕ್ಷ ಬಿಟ್ಟರೆ ಬೇರೆಯದು ಲೆಕ್ಕಕ್ಕೇ ಇರಲಿಲ್ಲ. ಆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯೇ ನಿಜವಾದ ಚುನಾವಣೆ. ಅದರಲ್ಲಿ ಕಪ್ಪು ಜನರಿಗೆ ಮತ ಇರಲಿಲ್ಲ. ಬಿಳಿಯರ ಮತವನ್ನೂ ಸಮವಾಗಿ ಎಣಿಸುತ್ತಿರಲಿಲ್ಲ. ರಾಜ್ಯದ 159 ಕೌಂಟಿಗಳಲ್ಲಿ ಅತಿ ದೊಡ್ಡ 8ಕ್ಕೆ ತಲಾ 6 ಯೂನಿಟ್, ನಂತರದ 30ಕ್ಕೆ ತಲಾ 4, ಉಳಿದ 121ಕ್ಕೆ ತಲಾ 2. ಒಟ್ಟು 410. ಅಂದ್ರೆ ಅಟ್ಲಾಂಟಾ ನಗರ ಇರುವ ಫುಲ್ಟನ್ ಕೌಂಟಿ ಮೂರು ಪುಟಾಣಿ ಕೌಂಟಿಗಳಿಗೆ ಸಮ! ಟ್ರಾಮ್ ಓಡುವ ಊರಿನ ವೋಟು ತನಗೆ ಬೇಕಿಲ್ಲ ಅಂತ ಟಾಲ್ಮಡ್ಜ್ ಜಂಬ ಕೊಚ್ಚಿಕೊಳ್ಳುತ್ತಿದ್ದದ್ದು ಇದೇ ಧೈರ್ಯದ ಮೇಲೆ.

ಅಧಿಕಾರದಲ್ಲಿ ಆತ ತೋರಿಸಿದ್ದು ದರ್ಪವನ್ನೇ. 1934ರ ಜವಳಿ ಮುಷ್ಕರದಲ್ಲಿ ಸೈನಿಕ ಕಾನೂನು ಹೇರಿ ಕಾರ್ಮಿಕರನ್ನು ಬೇಲಿಯೊಳಗೆ ಕೂಡಿಹಾಕಿಸಿದ. ಬಡವರ ಗೆಳೆಯ ಅಂತ ಹೇಳಿಕೊಳ್ಳುತ್ತಲೇ ರೂಸ್‌ವೆಲ್ಟ್‌ರ ನ್ಯೂ ಡೀಲ್ ಪರಿಹಾರ ಯೋಜನೆಗಳನ್ನು ವಿರೋಧಿಸಿದ. 1936 ಮತ್ತು 1938ರಲ್ಲಿ ಸೆನೆಟ್‌ಗೆ ಸ್ಪರ್ಧಿಸಿ ಸೋತರೂ 1940ರಲ್ಲಿ ಮತ್ತೆ ಗವರ್ನರ್ ಆದ.

ಎಡವಿದ್ದು 1941ರಲ್ಲಿ. ಜಾರ್ಜಿಯಾ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದ ಡೀನ್ ವಾಲ್ಟರ್ ಕಾಕಿಂಗ್ ಅವರು ಕಪ್ಪು-ಬಿಳಿಯರನ್ನು ಒಟ್ಟಿಗೆ ಓದಿಸಲು ಹೊರಟಿದ್ದಾರೆ ಅನ್ನೋ ಆರೋಪ ಹಿಡಿದು, ಅವರನ್ನು ಕಿತ್ತುಹಾಕಲು ಒತ್ತಾಯಿಸಿದ. ಆಡಳಿತ ಮಂಡಳಿ ಒಪ್ಪಲಿಲ್ಲ. ಟಾಲ್ಮಡ್ಜ್ ಮಂಡಳಿಯ ಸದಸ್ಯರನ್ನೇ ಬದಲಿಸಿ ಕೆಲಸ ಮುಗಿಸಿದ. ಡಿಸೆಂಬರ್‌ನಲ್ಲಿ ದಕ್ಷಿಣದ ಕಾಲೇಜುಗಳ ಒಕ್ಕೂಟ, ರಾಜ್ಯ ಸರ್ಕಾರ ನಡೆಸುತ್ತಿದ್ದ ಬಿಳಿಯರ ಕಾಲೇಜುಗಳ ಮಾನ್ಯತೆ ರದ್ದು ಮಾಡಲು ನಿರ್ಧರಿಸಿತು.

ಆಟ ತಿರುಗಿದ್ದು ಅಲ್ಲಿ. ಅದುವರೆಗೆ ಆತನ ದರ್ಪಕ್ಕೆ ಬಲಿಯಾದವರು ಕಾರ್ಮಿಕರು, ಕಪ್ಪು ಜನರು, ಅಧಿಕಾರಿಗಳು. ಈ ಸಲ ಏಟು ಬಿದ್ದದ್ದು ಹೊಲ ಉತ್ತು ಮಕ್ಕಳನ್ನು ಕಾಲೇಜಿಗೆ ಕಳಿಸಿದ್ದ ಅವನದೇ ಮತದಾರರ ಮನೆಗೆ. ವಿದ್ಯಾರ್ಥಿಗಳು ಗವರ್ನರ್ ಪ್ರತಿಕೃತಿ ಸುಟ್ಟರು, ಅಟ್ಲಾಂಟಾಗೆ ಮೆರವಣಿಗೆ ಹೋದರು, ಊರೂರಲ್ಲಿ ಪ್ರಚಾರ ಮಾಡಿದರು. 21 ತುಂಬದವರಿಗೆ ಮತವೇ ಇರಲಿಲ್ಲ. ಅವರು ಒಲಿಸಬೇಕಿದ್ದದ್ದು ಅಪ್ಪ ಅಮ್ಮಂದಿರನ್ನು. 1942ರ ಸೆಪ್ಟೆಂಬರ್‌ನಲ್ಲಿ 35ರ ಹರೆಯದ ಅಟಾರ್ನಿ ಜನರಲ್ ಎಲಿಸ್ ಅರ್ನಾಲ್ 261 ಯೂನಿಟ್ ಪಡೆದರೆ ಟಾಲ್ಮಡ್ಜ್‌ಗೆ ಸಿಕ್ಕಿದ್ದು 149. ಮರುವರ್ಷ ಮತದಾನದ ವಯಸ್ಸನ್ನು 18ಕ್ಕೆ ಇಳಿಸಿದ ಅಮೆರಿಕದ ಮೊದಲ ರಾಜ್ಯ ಜಾರ್ಜಿಯಾ.

ಆದ್ರೆ ಇದನ್ನು ವರ್ಣಭೇದದ ಸೋಲು ಅಂತ ಓದಬೇಡಿ. ಪ್ರಚಾರದಲ್ಲಿ ಅರ್ನಾಲ್ ಕೂಡ ಪ್ರತ್ಯೇಕ ಶಾಲೆಗಳ ಪರವೇ ನಿಂತಿದ್ದರು. ಸೋತದ್ದು ಗವರ್ನರ್, ವ್ಯವಸ್ಥೆಯಲ್ಲ. ಹಾಗಾಗಿಯೇ 1946ರಲ್ಲಿ ಟಾಲ್ಮಡ್ಜ್ ವಾಪಸ್ ಬಂದ. ಅಷ್ಟರಲ್ಲಿ ಕೋರ್ಟ್ ತೀರ್ಪುಗಳಿಂದ ಕಪ್ಪು ಜನರಿಗೆ ಪ್ರೈಮರಿಯ ಬಾಗಿಲು ತೆರೆದಿತ್ತು. ಅದನ್ನು ಮತ್ತೆ ಮುಚ್ಚುವುದೇ ಆತನ ಭರವಸೆ. ಎದುರಾಳಿ ಜೇಮ್ಸ್ ಕಾರ್ಮೈಕಲ್ ಹೆಚ್ಚು ಜನಮತ ಪಡೆದರು, ಆದರೂ ಯೂನಿಟ್ ಲೆಕ್ಕದಲ್ಲಿ 242 ಪಡೆದು ಟಾಲ್ಮಡ್ಜ್ ಗೆದ್ದ. ಅಧಿಕಾರ ಸ್ವೀಕರಿಸುವ ಮೊದಲೇ, ಡಿಸೆಂಬರ್ 21ರಂದು ತೀರಿಕೊಂಡ. ಆ ಕುರ್ಚಿ ತನ್ನದು ಅಂತ ಮಗ ಹರ್ಮನ್ ಸೇರಿ ಮೂವರು ಜಗಳಕ್ಕಿಳಿದರು. ಯೂನಿಟ್ ಪದ್ಧತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1963ರಲ್ಲಿ.

ಹಾಲಿ ನಾಯಕ ಸೋಲಬಹುದಾ ಅಂತ ಕೇಳುವಾಗ ನಾವು ಸಾಮಾನ್ಯವಾಗಿ ವಿರೋಧ ಪಕ್ಷದ ಬಲ ನೋಡ್ತೀವಿ. ಟಾಲ್ಮಡ್ಜ್ ಬದುಕು ಬೇರೆ ಮೂರು ಕಡೆ ನೋಡಿ ಅನ್ನುತ್ತದೆ: ಆತ ತನ್ನವರ ಯಾವ ಗಂಟಿಗೆ ಕೈ ಹಾಕಿದ್ದಾನೆ, ಮತ ಯಾರಿಗಿದೆ, ಆ ಮತವನ್ನು ಹೇಗೆ ಎಣಿಸುತ್ತಾರೆ. 1942ರ ಹುಡುಗರು ಮೊದಲನೆಯದನ್ನು ಹಿಡಿದು ಗೆದ್ದರು. ಮೂರನೆಯದು ಹಾಗೇ ಉಳಿದಿದ್ದಕ್ಕೆ ನಾಲ್ಕೇ ವರ್ಷದಲ್ಲಿ ಆ ಗೆಲುವು ಕೈತಪ್ಪಿತು.